ತನಗೆ ತಾನೇ ಸಹಗಾಯಕಿ

ಅಮೆರಿಕದ ಗಾಯಕಿ ಪ್ಯಾಟಿ ಪೇಜ್ ಎಂದರೆ ಹಲವರಿಗೆ ನೆನಪಾಗುವುದು 1953ರ ನಾಯಿಮರಿ ಹಾಡು. ಹಾಗಾಗಿ ಆಕೆ ಹಗುರ ಗಾಯಕಿಯೆಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ 1948ರಲ್ಲಿ ಹೊರಬಂದ ‘ಕನ್ಫೆಸ್’ ಹಾಡಿನಲ್ಲಿ ಸಹಗಾಯಕರ ಭಾಗವನ್ನೂ ಆಕೆಯೇ ಹಾಡಿ, ತನ್ನದೇ ದನಿಯ ಮೇಲೆ ಕೂಡಿಸಿದ್ದರು. 1950ರ ‘ಟೆನೆಸೀ ವಾಲ್ಟ್ಜ್’ನಲ್ಲಿ ಈ ಉಪಾಯವೇ ಹಾಡಿನ ಭಾವವಾಯಿತು. ನಲ್ಲ ಗೆಳತಿಯ ಪಾಲಾಗಿ ಒಂಟಿಯಾದವಳ ಕಥೆ ಅದು. ಅವಳಿಗೆ ದನಿಗೂಡಿಸಲು ಅವಳನ್ನು ಬಿಟ್ಟರೆ ಯಾರೂ ಇಲ್ಲ.

ಹೀಗೆ ದನಿ ಕೂಡಿಸುವುದು ಯಂತ್ರದ ಚಮತ್ಕಾರವಷ್ಟೇ, ಗಿಟಾರ್ ವಾದಕ ಲೆಸ್ ಪಾಲ್ ಕೂಡ ಅದೇ ಕಾಲಕ್ಕೆ ಗಿಟಾರಿನಲ್ಲಿ ಇದನ್ನು ಮಾಡುತ್ತಿದ್ದರಲ್ಲ ಎನ್ನಬಹುದು. ಮಾಡುತ್ತಿದ್ದರು, ನಿಜ. ಆದರೆ ಚಮತ್ಕಾರ ಕಿವಿಯನ್ನು ಬೆರಗುಗೊಳಿಸಿ ಮುಗಿಯುತ್ತದೆ. ಇಲ್ಲಿ ಅದು ಒಂಟಿತನವನ್ನು ಕೇಳಿಸುತ್ತದೆ. ಹಾಡೇ ಚೆನ್ನಾಗಿತ್ತು, ಗಾಯಕಿಯದೇನು ಹೆಚ್ಚುಗಾರಿಕೆ ಎಂದರೆ, ಅದರ ರಚನಕಾರರಲ್ಲೊಬ್ಬರಾದ ಪೀ ವೀ ಕಿಂಗ್ ಅದನ್ನು 1948ರಲ್ಲೇ ಹೊರತಂದಿದ್ದರು. ಆದರೂ ಕ್ರಿಸ್‌ಮಸ್ ಹಾಡೊಂದರ ತಟ್ಟೆಯ ಹಿಂಬದಿಗೆ ಹಾಕಿದ್ದ ಪೇಜ್ ಅವರ ಮುದ್ರಣವೇ ವಾರಗಟ್ಟಲೆ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. 1965ರಲ್ಲಿ ಟೆನೆಸೀ ರಾಜ್ಯ ಈ ಹಾಡನ್ನು ತನ್ನ ನಾಡಗೀತೆಗಳಲ್ಲಿ ಒಂದಾಗಿಸಿಕೊಂಡಿತು. ರಚನೆ ಹಳೆಯದೇ, ಜನ ಒಪ್ಪಿಕೊಂಡದ್ದು ಅದನ್ನು ಹಾಡಿ ಮುದ್ರಿಸಿದ ಬಗೆಯನ್ನು.