ಅಜ್ಜನ ಯೆಜ್ಡಿಗೆ ಹೊಸ ಕ್ಲಚ್ಚು

ಕಡೂರು ತಾಲ್ಲೂಕಿನ ಯಗಟಿಯಲ್ಲಿ ತೆಂಗಿನ ತೋಟದ ಅಂಚಿಗಿರುವ ಒಂದು ಮನೆ. ಕಳೆದ ಬೇಸಿಗೆಯಲ್ಲಿ ಅದರ ಪಡಸಾಲೆ ಎರಡು ವಾರ ಗ್ಯಾರೇಜಾಗಿತ್ತು. ಗೋಣಿಚೀಲ ಹಾಸಿ ಅದರ ಮೇಲೆ 1986ರ ಯೆಜ್ಡಿ ಮೋಟಾರ್ ಸೈಕಲ್ ನಿಲ್ಲಿಸಲಾಗಿತ್ತು. ಎಂಜಿನ್ನಿನ ಎಡಗಡೆಯ ಮುಚ್ಚಳ ಬಿಚ್ಚಿ ಅದರ ಕರುಳೆಲ್ಲ ಹೊರಗೆ ಕಾಣುತ್ತಿತ್ತು. ಕಾರ್ಕ್ ಪ್ಲೇಟುಗಳನ್ನು ಎಣ್ಣೆಯಲ್ಲಿ ನೆನೆಹಾಕಲು ಅಡುಗೆಮನೆಯ ಒಂದು ಅಗಲವಾದ ತಟ್ಟೆ ಮಾಯವಾಗಿದ್ದು ಆ ಮನೆಯೊಡತಿಗೆ ಗೊತ್ತಾದದ್ದು ಮೂರನೆಯ ದಿನ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ಗಾಡಿ ತಂದದ್ದು ಅಜ್ಜ. ಈಗ ಓಡಿಸುತ್ತಿರುವುದು ಅಪ್ಪ. ಡೈರಿಗೆ ಹಾಲು, ಸಂತೆಗೆ ಕಾಯಿ, ಕಡೂರಿನ ಆಸ್ಪತ್ರೆಗೆ ಅಜ್ಜಿ, ಎಲ್ಲವೂ ಅದರ ಮೇಲೆಯೇ. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ಒಂದು ವಿಷಯದಲ್ಲಿ ನಪಾಸಾಗಿ ರಜೆಗೆ ಬಂದಿದ್ದ. ಅಪ್ಪ-ಮಗನ ನಡುವೆ ಮಾತು ಕಡಿಮೆಯಾಗಿತ್ತು. ಗಾಡಿಯೂ ಅದೇ ಸಮಯಕ್ಕೆ ಕೈಕೊಟ್ಟಿತು. ಏರು ಬಂದರೆ ಎಂಜಿನ್ ಗೊರ್ ಎಂದು ಅರಚುವುದು, ಗಾಡಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಜೊತೆಗೆ ಎಡಗಡೆಯ ಪೆಟ್ಟಿಗೆಯೊಳಗೆ ಕಟಕಟ ಸದ್ದು.

‘ನೀನು ಹಾಫ್ ಕ್ಲಚ್‌ನಾಗೆ ಓಡಿಸಿ ಓಡಿಸಿ ಸುಟ್ಟಾಕಿದೀಯ’ ಎಂದರು ಅಪ್ಪ.

‘ನೀನು ಕಾರಿನ ಎಣ್ಣೆ ಸುರಿದಿದ್ದಕ್ಕೇ ಹಿಂಗಾಗಿದ್ದು ಕಣಪ್ಪ’ ಎಂದ ಮಗ.

ಎರಡೂ ಸುಳ್ಳಲ್ಲ. ನೆಂಟರ ಕಾರಿಗೆ ಹಾಕಿ ಉಳಿದಿದ್ದ ಎಂಜಿನ್ ಎಣ್ಣೆಯನ್ನು ದಂಡವಾಗಬಾರದೆಂದು ಅಪ್ಪ ಯೆಜ್ಡಿಯ ಗೇರ್‌ಬಾಕ್ಸಿಗೆ ಹಾಕಿದ್ದರು. ಕಾಲೇಜಿಗೆ ಸೇರುವ ಮುನ್ನ ಮಗ ಇಬ್ಬರು ಗೆಳೆಯರನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿದ್ದೂ ನಿಜ. ಗುಜರಿಗೆ ಹಾಕಿ ಹೊಸದು ತರೋಣ ಎಂಬ ಮಾತು ಬಂದಾಗ ಮಾತ್ರ ಅಪ್ಪ ಒಪ್ಪಲಿಲ್ಲ. ಅದಕ್ಕೊಂದು ಕಾರಣವಿತ್ತು.

ಅವರ ಎಡಗೈಯ ಎರಡು ಬೆರಳುಗಳು ಹಳೆಯ ಪೆಟ್ಟಿನಿಂದ ಪೂರ್ತಿ ಮಡಚುವುದಿಲ್ಲ. ಬೇರೆ ಗಾಡಿಗಳಲ್ಲಿ ಪ್ರತಿ ಸಲ ಗೇರ್ ಬದಲಿಸಲು ಎಡಗೈಯಲ್ಲಿ ಕ್ಲಚ್ ಹಿಡಿಯಬೇಕು. ಜಾವಾ ವಂಶದ ಗಾಡಿಗಳಲ್ಲಿ ಹಾಗಲ್ಲ. ಅಲ್ಲಿ ಕಾಲಿನಿಂದ ಗೇರ್ ಸನ್ನೆಯನ್ನು ಒತ್ತಿದರೆ ಮೊದಲು ಅದೇ ಕ್ಲಚ್ಚನ್ನು ಬಿಡಿಸುತ್ತದೆ, ಆಮೇಲೆ ಗೇರ್ ಬದಲಿಸುತ್ತದೆ. ನಿಂತ ಗಾಡಿಯನ್ನು ಹೊರಡಿಸಲು ಮಾತ್ರ ಕೈ ಬೇಕು. ಕಿಕ್ಕರ್ ಕೂಡ ಅದೇ ಸನ್ನೆಯೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರ್ ಹೋಗಿ ಕಿಕ್ಕರ್ ಆಗುತ್ತದೆ. ಮೊದಲ ಸಲ ನೋಡಿದವರು ಯೆಜ್ಡಿಗೆ ಕಿಕ್ಕರ್ ಎಲ್ಲಿ ಎಂದು ಹುಡುಕುತ್ತಿದ್ದ ಕಾಲವೊಂದಿತ್ತು.

ಇಂದಿನ ಮಕ್ಕಳಿಗೆ ತಿಳಿದಿರಲಿಕ್ಕಿಲ್ಲ, ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನಲ್ಲಿ. ಜೆಕ್ ದೇಶದ ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವಿನ್ಯಾಸವನ್ನು ಕೊಂಡು 1929ರಲ್ಲಿ ಶುರುಮಾಡಿದ ಗಾಡಿಗೆ ಎರಡೂ ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಎಂದಾಯಿತು. ಅದನ್ನು ಇಲ್ಲಿ ತಯಾರಿಸಲು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂದವು. ಆದರೆ ಅವು ನಾಲ್ಕು ಹೊಡೆತದ ಬೇರೆಯೇ ಎಂಜಿನ್ನುಗಳು. ಅವುಗಳ ಬಿಡಿಭಾಗ ಇದಕ್ಕೆ ಕೂರುವುದಿಲ್ಲ. ಹೀಗಾಗಿ ಹಳೆಯ ಯೆಜ್ಡಿ ಇಟ್ಟುಕೊಂಡವರೆಲ್ಲ ಅರ್ಧ ಮೆಕ್ಯಾನಿಕ್ಕುಗಳು.

ಮಗ ಒಂದು ಪಟ್ಟಿ ಮಾಡಿದ್ದ. ಹೊಸ ಪ್ರೈಮರಿ ಚೈನು, ಹಲ್ಲಿನ ಚಕ್ರಗಳು, ಕಾರ್ಕ್ ಪ್ಲೇಟುಗಳು, ಜೊತೆಗೆ ಹೆಚ್ಚು ಗಡುಸಾದ ಸ್ಪ್ರಿಂಗುಗಳು. ಸ್ಪ್ರಿಂಗ್ ಗಡುಸಾದರೆ ಕ್ಲಚ್ ಜಾರುವ ಪ್ರಶ್ನೆಯೇ ಇಲ್ಲ ಎಂಬುದು ಅವನ ವಾದ. ಅಪ್ಪ ತಲೆಯಾಡಿಸಲಿಲ್ಲ. ಮಗ ಸೀಮೆಸುಣ್ಣ ತಂದು ನೆಲದ ಮೇಲೆಯೇ ಲೆಕ್ಕ ಬರೆದ.

ಲೆಕ್ಕ ಕಷ್ಟದ್ದಲ್ಲ, ಹತ್ತನೆಯ ತರಗತಿಯವರಿಗೂ ಎಟುಕುವಂಥದ್ದು. ಎಂಜಿನ್ನಿನ ಅಚ್ಚಿನಲ್ಲಿ ಸಣ್ಣ ಹಲ್ಲಿನ ಚಕ್ರ, ಕ್ಲಚ್ಚಿಗೆ ದೊಡ್ಡದು, ನಡುವೆ ಚೈನು. ಇದೇ ಪ್ರೈಮರಿ ಡ್ರೈವ್. ದೊಡ್ಡ ಚಕ್ರದ ಹಲ್ಲು ಎರಡರಷ್ಟಿದ್ದರೆ ವೇಗ ಅರ್ಧಕ್ಕಿಳಿಯುತ್ತದೆ, ತಿರುಚುಬಲ ಎರಡರಷ್ಟಾಗುತ್ತದೆ. ಎಂಜಿನ್ 20 ನ್ಯೂಟನ್-ಮೀಟರ್ ಕೊಟ್ಟರೆ ಕ್ಲಚ್ಚು 40 ಹೊರಬೇಕು. ಕ್ಲಚ್ಚಿನ ಶಕ್ತಿಯೆಂದರೆ ಉಜ್ಜುವ ಮುಖಗಳ ಸಂಖ್ಯೆ, ಸ್ಪ್ರಿಂಗುಗಳ ಒಟ್ಟು ಒತ್ತಡ, ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಘರ್ಷಣಾಂಕ, ಈ ನಾಲ್ಕರ ಗುಣಲಬ್ಧ. ನಾಲ್ಕು ಕಾರ್ಕ್ ಪ್ಲೇಟಿಗೆ ಎಂಟು ಮುಖ. ಒತ್ತಡ 800 ನ್ಯೂಟನ್, ತ್ರಿಜ್ಯ 5 ಸೆಂ.ಮೀ. ಎಂದು ಹುಡುಗ ಹಿಡಿದುಕೊಂಡ. ಎಂಟು ಇಂಟು 800 ಇಂಟು 0.05 ಅಂದರೆ 320. ಇದಕ್ಕೆ ಘರ್ಷಣಾಂಕ ಗುಣಿಸಬೇಕು. ಒಳ್ಳೆಯ ಕಾರ್ಕಿಗೆ 0.25 ಎಂದರೆ 80; ಬೇಕಾದ್ದಕ್ಕಿಂತ ಎರಡರಷ್ಟು. ಕಾರಿನ ಎಣ್ಣೆಯಿಂದ ಅದು 0.10ಕ್ಕೆ ಇಳಿದರೆ 32. ಕ್ಲಚ್ ಜಾರಲೇಬೇಕು.

ಅಪ್ಪ ಬಗ್ಗಿ ನೋಡಿದರು. ಅವರು ಓದಿದ್ದು ಪಿಯುಸಿ. ‘ಆ 0.10 ಅಂತ ನಿನಗೆ ಹೇಳಿದ್ಯಾರು?’

ಹುಡುಗನ ಬಳಿ ಉತ್ತರವಿರಲಿಲ್ಲ. ಕಾರಿನ ಈಗಿನ ಎಣ್ಣೆಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸುವುದುಂಟು, ಎಣ್ಣೆಯಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಅದು ಆಗುವುದಿಲ್ಲ ಎಂಬುದು ಸರಿಯೇ. ಆದರೆ ಆ ಅಂಕಿಯನ್ನು ಅವನು ತನಗೆ ಬೇಕಾದಂತೆ ಬರೆದುಕೊಂಡಿದ್ದ. ಪರೀಕ್ಷೆಯಲ್ಲಿ ಇಂಥದ್ದಕ್ಕೆ ಅಂಕ ಸಿಕ್ಕೀತು; ಪಡಸಾಲೆಯಲ್ಲಿ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಒಂದು ಉದ್ದನೆಯ ಹಲಗೆಗೆ ಕ್ಲಚ್ಚಿನ ಹಳೆಯ ಉಕ್ಕಿನ ಪ್ಲೇಟನ್ನು ಬಿಗಿದ. ಅದಕ್ಕೆ ಎಣ್ಣೆ ಸವರಿ, ಮೇಲೆ ಕಾರ್ಕ್ ಪ್ಲೇಟಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋದ. ಜಾರಲು ಶುರುವಾದಾಗ ಕೆಳತುದಿಯಿಂದ ನೆಲದ ಮೇಲೆ 100 ಸೆಂ.ಮೀ. ದೂರದಲ್ಲಿ ಹಲಗೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಸಾಕು, 25 ಸೆಂ.ಮೀ. ಇದ್ದರೆ ಘರ್ಷಣಾಂಕ 0.25. ಯಾವ ಉಪಕರಣವೂ ಬೇಡ. ಟೇಪು ಹಿಡಿದವರು ಅಪ್ಪ.

ಹೊಸ ಕಾರ್ಕು ಬೀರೂರಿನ ಮೇಸ್ತ್ರಿ ಕೊಟ್ಟಿದ್ದ ಎಣ್ಣೆಯಲ್ಲಿ 25ಕ್ಕೆ ಜಾರಿತು. ಕಾರಿನ ಎಣ್ಣೆಯಲ್ಲಿ 22ಕ್ಕೆ. ಇಷ್ಟೇ ವ್ಯತ್ಯಾಸವೇ ಎಂದು ಹುಡುಗ ಪೆಚ್ಚಾದ. ಆಮೇಲೆ ಗಾಡಿಯಿಂದ ತೆಗೆದ, ಕಪ್ಪಗೆ ಕರಕಲಾಗಿ ಗಾಜಿನಂತೆ ಹೊಳೆಯುತ್ತಿದ್ದ ಹಳೆಯ ಕಾರ್ಕಿನ ಸರದಿ. ಮೇಸ್ತ್ರಿಯ ಎಣ್ಣೆಯಲ್ಲಿ 13, ಕಾರಿನ ಎಣ್ಣೆಯಲ್ಲಿ 12. ನಾಲ್ಕೈದು ಸಲ ಮಾಡಿದರೂ ಹೆಚ್ಚು ಕಡಿಮೆ ಅಷ್ಟೇ.

320ನ್ನು 0.13ರಿಂದ ಗುಣಿಸಿದರೆ 41.6, ಬದುಕಿತು. 0.12ರಿಂದ ಗುಣಿಸಿದರೆ 38.4, ಜಾರಿತು. ಸುಟ್ಟ ಕಾರ್ಕೊಂದೇ ಇದ್ದಿದ್ದರೆ ಹೇಗೋ ಹಿಡಿದುಕೊಂಡಿರುತ್ತಿತ್ತು. ಎಣ್ಣೆಯೊಂದೇ ತಪ್ಪಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಇದು ನಿಂತ ಹಲಗೆಯ, ತಣ್ಣನೆಯ ಎಣ್ಣೆಯ ಲೆಕ್ಕ ಎಂಬುದನ್ನು ಮರೆಯಬಾರದು; ಕಾದ ಎಂಜಿನ್ನಿನೊಳಗೆ ಸಾವಿರಾರು ಸುತ್ತು ತಿರುಗುವಾಗಿನ ಕಥೆ ಬೇರೆ. ಒತ್ತಡ, ತ್ರಿಜ್ಯಗಳೂ ಹುಡುಗ ಹಿಡಿದುಕೊಂಡವೇ. ಅಷ್ಟಾದರೂ ಕಾರ್ಕನ್ನು ಮೊದಲು ಸುಟ್ಟವರು ಯಾರು ಎಂಬ ಪ್ರಶ್ನೆಗೆ ಹಲಗೆ ಉತ್ತರ ಹೇಳುವಂತಿರಲಿಲ್ಲ. ‘ನಾನು ಅಂದದ್ದು ಪೂರ್ತಿ ಸರಿಯಿಲ್ಲಪ್ಪ’ ಎಂದ ಹುಡುಗ. ಅಪ್ಪ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಗಡುಸು ಸ್ಪ್ರಿಂಗಿನ ಮಾತೂ ಅಲ್ಲಿಗೆ ನಿಂತಿತು. ಒಳ್ಳೆಯ ಕಾರ್ಕಿದ್ದರೆ ಎರಡರಷ್ಟು ಶಕ್ತಿ ಇದ್ದೇ ಇದೆ. ಸ್ಪ್ರಿಂಗಿನ ಒತ್ತಡ ಐದನೇ ಒಂದು ಪಾಲು ಹೆಚ್ಚಿಸಿದರೆ ಸನ್ನೆ ಹಿಡಿಯುವ ಕೈಗೂ ಅಷ್ಟೇ ಹೆಚ್ಚು ಭಾರ. ಅದು ಯಾರ ಕೈ ಎಂದು ಹುಡುಗನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಚೈನು ಮಾತ್ರ ನಿಜವಾಗಿಯೂ ಮುಗಿದಿತ್ತು. ಚೈನಿನ ಪಟ್ಟಿಗಳು ಹಿಗ್ಗುವುದಿಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಬುಷ್ಷು ಕೂದಲೆಳೆಯಷ್ಟು ಸವೆದು, ಎಲ್ಲ ಕೂಡಿ ಉದ್ದವಾದಂತೆ ಕಾಣುತ್ತದೆ. ಚೈನನ್ನು ಅಡ್ಡಲಾಗಿ ಮಲಗಿಸಿದಂತೆ ಒಂದು ತುದಿ ಹಿಡಿದರೆ ಹೊಸದು ನೇರ ನಿಲ್ಲುತ್ತದೆ, ಹಳೆಯದು ಬಾಗಿದ ಬಾಳೆಗೊನೆಯಂತೆ ಕೆಳಗೆ ಬೀಳುತ್ತದೆ. ಹಿಂದಿನ ಚಕ್ರದ ಚೈನು ಸಡಿಲವಾದರೆ ಚಕ್ರವನ್ನೇ ಹಿಂದಕ್ಕೆ ಎಳೆದು ಬಿಗಿಮಾಡಬಹುದು. ಇಲ್ಲಿ ಎಂಜಿನ್ನು, ಗೇರ್‌ಬಾಕ್ಸು ಒಂದೇ ಗೂಡಿನಲ್ಲಿ; ಅಚ್ಚುಗಳ ದೂರ ಬದಲಾಗುವುದಿಲ್ಲ. ಸಡಿಲವಾದದ್ದನ್ನು ಬಿಸಾಡಬೇಕು ಅಷ್ಟೆ. ಹಲ್ಲಿನ ಚಕ್ರಗಳನ್ನೂ ಜೊತೆಗೇ ಬದಲಿಸಬೇಕು. ಸವೆದ ಹಲ್ಲು ಹೊಸ ಚೈನನ್ನು ಬೇಗ ತಿನ್ನುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಗೆಳೆಯನೊಬ್ಬ ಎಲ್ಲವನ್ನೂ ಬಸ್ಸಿನಲ್ಲಿ ಕಳಿಸಿದ.

ಬಿಚ್ಚುವುದೇ ದೊಡ್ಡ ಪಾಡಾಯಿತು. ಕ್ಲಚ್ಚಿನ ನಡುವಿನ ನಟ್ಟು ತಿರುಗಿಸಿದರೆ ಕ್ಲಚ್ಚೇ ಸುತ್ತುತ್ತದೆ. ಹುಡುಗ ಉಳಿ, ಸುತ್ತಿಗೆ ತೆಗೆದುಕೊಂಡ. ಅಪ್ಪ ಸುತ್ತಿಗೆ ಕಸಿದುಕೊಂಡು, ಏನೂ ಹೇಳದೆ ಎರಡು ಹಳೆಯ ಪ್ಲೇಟುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಬಂದದ್ದು ಮಧ್ಯಾಹ್ನದ ಹೊತ್ತಿಗೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆ ಎರಡನ್ನೂ ಕೂಡಿಸಿ, ಅದಕ್ಕೊಂದು ಕಬ್ಬಿಣದ ಪಟ್ಟಿ ಬೆಸೆಸಿ ತಂದಿದ್ದರು. ಕ್ಲಚ್ಚಿನ ಒಳಗೆ ಇಟ್ಟು ಹಿಡಿದರೆ ಅಲುಗಾಡುವುದಿಲ್ಲ. ನಟ್ಟು ಒಂದೇ ಏಟಿಗೆ ಬಿಟ್ಟಿತು. ಎಂಜಿನ್ ಕಡೆಯ ಚಕ್ರಕ್ಕೆ ಮೇಸ್ತ್ರಿಯ ಪುಲ್ಲರ್ ತರಬೇಕಾಯಿತು. ಅಲ್ಲಿ ಮೀಟುಗೋಲು ಹಾಕಿದರೆ ಅಚ್ಚೇ ಬಾಗೀತು.

ಕ್ಲಚ್ ಬುಟ್ಟಿಯ ಸೀಳುಗಳಲ್ಲಿ ಪ್ಲೇಟಿನ ಕಿವಿಗಳು ಬಡಿದು ಗುಳಿ ಬಿದ್ದಿದ್ದವು. ಅವನ್ನು ಅರದಿಂದ ಸಮ ಮಾಡಲು ಒಂದಿಡೀ ದಿನ ಹಿಡಿಯಿತು. ಉಕ್ಕಿನ ಪ್ಲೇಟುಗಳನ್ನು ಕಿಟಕಿಯ ಗಾಜಿನ ಮೇಲಿಟ್ಟು ಸೊಟ್ಟಗಿವೆಯೇ ನೋಡಿದರು, ಒಂದು ತಿರಸ್ಕೃತವಾಯಿತು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದ ಕಾರ್ಕುಗಳು ಒಳಗೆ ಹೋದವು. ಅಂದ ಹಾಗೆ, ಕಾರ್ಕು ಒಂದು ಜಾತಿಯ ಓಕ್ ಮರದ ತೊಗಟೆ. ಪ್ರಪಂಚದ ಅರ್ಧದಷ್ಟು ಪೋರ್ಚುಗಲ್ಲಿನಿಂದಲೇ ಬರುತ್ತದೆ. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ. ಒಂಬತ್ತು ವರ್ಷಕ್ಕೆ ಮತ್ತೆ ಬೆಳೆಯುತ್ತದೆ. ಇದನ್ನು ಕೇಳಿ ತೆಂಗಿನ ತೋಟದ ಅಪ್ಪನಿಗೆ ಬಹಳ ಖುಷಿಯಾಯಿತಂತೆ.

ಮೊದಲ ಸಲ ಜೋಡಿಸಿದಾಗ ಗೇರ್ ಹಾಕಿದೊಡನೆ ಗಾಡಿ ಮುಗ್ಗರಿಸಿತು. ಸ್ಪ್ರಿಂಗುಗಳನ್ನು ಹುಡುಗ ಒಂದೊಂದು ಬಗೆಯಾಗಿ ಬಿಗಿದಿದ್ದ. ಒತ್ತುಫಲಕ ಓರೆಯಾಗಿ ಏಳುತ್ತಿತ್ತು. ಮತ್ತೆ ಬಿಚ್ಚಿ ಸಮ ಮಾಡಿದರು.

ಪುಲ್ಲರ್ ಹಿಂದಿರುಗಿಸಲು ಹೋದಾಗ ಮೇಸ್ತ್ರಿ ಸುಟ್ಟ ಕಾರ್ಕನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: ‘ಓಡಿಸುವಾಗ ಗೇರ್ ಮೇಲೆ ಕಾಲಿಟ್ಕೊಂಡಿರೋರು ಯಾರು ನಿಮ್ಮನೇಲಿ?’ ಕಾಲಿನಿಂದಲೇ ಕ್ಲಚ್ ಬಿಡುವ ಗಾಡಿಯಲ್ಲಿ ಸನ್ನೆಯ ಮೇಲೆ ಕಾಲಿನ ಭಾರ ಬಿದ್ದರೆ ಕ್ಲಚ್ಚು ಅರೆಬರೆ ಬಿಟ್ಟುಕೊಂಡೇ ಓಡುತ್ತಿರುತ್ತದೆ. ಎಣ್ಣೆಯೂ ಬೇಡ, ಮೂರು ಜನವೂ ಬೇಡ. ಹುಡುಗ ಉತ್ತರ ಕೊಡದೆ ಬಂದ. ಅವನಿಗೂ ಆ ಅಭ್ಯಾಸವಿತ್ತು.

ಭಾನುವಾರ ಅಪ್ಪ ಓಡಿಸಿದರು, ಮಗ ಹಿಂದೆ ಕೂತ. ಎರಡು ಕ್ಯಾನ್ ಹಾಲೂ ಇತ್ತು. ಏರು ಬಂತು. ಎಂಜಿನ್ ಅರಚಲಿಲ್ಲ, ಗಾಡಿ ತನ್ನ ಪಾಡಿಗೆ ಹತ್ತಿತು. ಮಗ ಬಗ್ಗಿ ಎಡಗಡೆ ನೋಡಿದ. ಅಪ್ಪನ ಚಪ್ಪಲಿ ಗೇರಿನ ಸನ್ನೆಯ ಮೇಲೆ ಆರಾಮವಾಗಿ ಕೂತಿತ್ತು.

‘ಅಪ್ಪ, ಕಾಲು’ ಎಂದ.

ಅಪ್ಪ ಕಾಲು ಹಿಂದಕ್ಕೆ ತೆಗೆದರು.