ಕವಡೆ ಇಲ್ಲದ ಚೌಕಾಬಾರ

ಅಸರ್ ನಮಾಜ್ ಮುಗಿದ ಮೇಲೆ ನಮ್ಮ ಮನೆಯ ವರಾಂಡದಲ್ಲಿ ದಾದಿಯ ಆಟ ಶುರುವಾಗುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ 25 ಮನೆ, ನಾಲ್ಕು ಕವಡೆ, ಕಾಯಿಗಳಿಗೆ ಬಳೆ ಚೂರು, ಹಳೆಯ ಗುಂಡಿ, ಹುಣಸೆ ಬೀಜ. ಆಡುವವರು ದಾದಿ, ನಾನು, ಆರನೇ ಕ್ಲಾಸಿನ ತಮ್ಮ ಮತ್ತು ಪಕ್ಕದ ಮನೆಯ ಆಂಟಿ. ಚೌಕಾಬಾರವನ್ನು ಮೈಸೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕು ಬಿದ್ದರೆ ಚೌಕಾ, ಎಲ್ಲವೂ ಬೋರಲು ಬಿದ್ದರೆ ಬಾರಾ, ಅಂದರೆ ಎಂಟು. ಉರ್ದುವಿನಲ್ಲಿ ಬಾರಾ ಅಂದರೆ ಹನ್ನೆರಡು, ಈ ಆಟದಲ್ಲಿ ಮಾತ್ರ ಅದು ಎಂಟು ಹೇಗಾಯಿತು ಎಂದು ದಾದಿಯನ್ನು ಕೇಳಿದರೆ "ನೀನು ಕವಡೆ ಹಾಕು" ಎನ್ನುತ್ತಿದ್ದರು. ಕಾಯಿ ನಡುಮನೆ ಸೇರಿದರೆ ಆಂಟಿ "ಹಣ್ಣಾಯ್ತು" ಎಂದರೆ ದಾದಿ "ಪಕ್ ಗಯಿ" ಎನ್ನುತ್ತಿದ್ದರು. ಎರಡೂ ಒಂದೇ ಮಾತು ಎಂದು ನನಗೆ ಹೊಳೆದದ್ದು ತುಂಬಾ ತಡವಾಗಿ.

ಕಳೆದ ರಜೆಯಲ್ಲಿ ಬಡೇ ಅಬ್ಬಾ ನಮ್ಮ ಮನೆಗೆ ಬಂದು ನೆಲೆಸಿದರು. ಎರಡನೇ ದಿನವೇ ಆಟ ನೋಡಿ, ಹಣ ಕಟ್ಟದಿದ್ದರೂ ಪಾಸೆಯಂಥದ್ದನ್ನು ಎಸೆದು ಆಡುವುದು ಸರಿಯಲ್ಲ ಎಂದರು. ದಾದಿಗೆ ನೇರವಾಗಿ ಹೇಳುವ ಧೈರ್ಯ ಅವರಿಗಿರಲಿಲ್ಲ, ನನಗೆ ಹೇಳಿದರು, ದಾದಿಗೆ ಕೇಳಿಸುವಷ್ಟು ಗಟ್ಟಿಯಾಗಿ. ದಾದಿ ಏನೂ ಮಾತಾಡಲಿಲ್ಲ. ಕವಡೆಗಳನ್ನು ಪಾನ್‌ದಾನ್‌ನಲ್ಲಿ ಹಾಕಿ ಮುಚ್ಚಿದರು. ಮರುದಿನದಿಂದ ಅಸರ್ ಆದಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂರತೊಡಗಿದರು. ಆಂಟಿಯೂ ಬರುವುದನ್ನು ಬಿಟ್ಟರು. ನನಗೆ ಸಂಕಟವಾದದ್ದು ಅದಕ್ಕೇ.

ಕಾಲೇಜಿನಲ್ಲಿ ದೀನಿಯಾತ್ ಹೇಳಿಕೊಡುವ ಸರ್ ಅವರನ್ನು ಕೇಳಿದೆ. ಪಾಸೆ ಎಸೆಯುವ ಆಟವನ್ನು ಹದೀಸಿನಲ್ಲಿ ಒಪ್ಪಿಲ್ಲ, ಬಡೇ ಅಬ್ಬಾ ಹೇಳಿದ್ದು ತಪ್ಪಲ್ಲ, ಬುದ್ಧಿಯಿಂದ ಆಡುವ ಆಟಗಳ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ ಎಂದರು. ಹಾಗಾದರೆ ಎಸೆಯುವುದನ್ನೇ ತೆಗೆದುಬಿಟ್ಟರೆ?

ನಾನು ಸೆಬಾ ವಿದ್ಯಾರ್ಥಿನಿ, ಸಂಖ್ಯಾಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಕವಡೆ ಅಂಗಾತವೂ ಬೋರಲೂ ಸಮವಾಗಿ ಬೀಳುತ್ತದೆ ಎಂದುಕೊಂಡರೆ (ನಿಜವಾದ ಕವಡೆ ಹಾಗೆ ಬೀಳುವುದಿಲ್ಲ) ನಾಲ್ಕು ಕವಡೆ 16 ಬಗೆಯಲ್ಲಿ ಬೀಳಬಹುದು. ಎರಡು ಬರುವುದು 6 ಬಗೆ, ಒಂದು ಮತ್ತು ಮೂರು ತಲಾ 4, ಚೌಕಾ ಮತ್ತು ಬಾರಾ ಒಂದೊಂದೇ. ಸರಾಸರಿ ಎರಡೂವರೆ. ಒಂದು ಕಾಯಿ ಹಣ್ಣಾಗಲು 24 ಹೆಜ್ಜೆ, ನಾಲ್ಕು ಕಾಯಿಗೆ 96. ಕವಡೆಯ ಬದಲು ಪ್ರತಿಯೊಬ್ಬರಿಗೂ 1, 2, 3, 4, 8 ಎಂದು ಐದು ಬಿಲ್ಲೆ ಕೊಟ್ಟೆ. ಬೇಕಾದ ಬಿಲ್ಲೆ ಇಟ್ಟು ಅಷ್ಟು ಮನೆ ನಡೆಸಬೇಕು, ಐದೂ ಖರ್ಚಾದ ಮೇಲೆ ಮಾತ್ರ ವಾಪಸ್. ಒಂದು ಸಲಕ್ಕೆ ಒಟ್ಟು 18 ಹೆಜ್ಜೆ, ಬಜೆಟ್ ಇದ್ದ ಹಾಗೆ. ನನಗೆ ಬಹಳ ಹೆಮ್ಮೆಯಾಯಿತು.

ಆ ಆಟ ಪೂರ್ತಿ ಸೋತಿತು. ಮುಂದಿನ ಹೆಜ್ಜೆ ಲೆಕ್ಕ ಹಾಕುವವಳು ನಾನೊಬ್ಬಳೇ ಆದ್ದರಿಂದ ಪ್ರತಿ ಸಲ ನಾನೇ ಗೆದ್ದೆ. ತಮ್ಮ ಮೂರನೇ ಆಟಕ್ಕೆ ಎದ್ದುಹೋದ. ಕವಡೆ ಇದ್ದಾಗ ಅವನು ಬಾರಾ ಬಾರಾ ಎಂದು ಕೂಗಿ ದಾದಿಯನ್ನೂ ಸೋಲಿಸಿಬಿಡುತ್ತಿದ್ದ. ದಾದಿ ಬಿಲ್ಲೆಗಳನ್ನು ಪಕ್ಕಕ್ಕೆ ಸರಿಸಿ, "ಯೇ ಖೇಲ್ ನೈ ಬೇಟಿ, ತೇರಾ ಇಮ್ತಿಹಾನ್ ಹೈ" ಎಂದರು. ಆಟವಲ್ಲ, ನಿನ್ನ ಪರೀಕ್ಷೆ. ಕೋಪ ಬಂತು, ಆದರೆ ಮಾತು ನಿಜವಾಗಿತ್ತು.

ಹಳೆಯ ಆಟವನ್ನು ಕೆಡಿಸುತ್ತಿದ್ದೇನೋ ಎಂಬ ಅಳುಕೂ ಇತ್ತು. ಆದರೆ ನಮ್ಮ ಊರಿನ ಮುಮ್ಮಡಿ ಕೃಷ್ಣರಾಜ ಒಡೆಯರೇ ಹಳೆಯ ಆಟಗಳ ಜೊತೆ ಹೊಸ ಆಟಗಳನ್ನು ಕಟ್ಟಿದವರು. ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟದ ಹಾಸುಗಳ ಚಿತ್ರಗಳಿವೆ. ಈಗ ಎಲ್ಲರ ಮೊಬೈಲಿನಲ್ಲಿರುವ ಲೂಡೋ ಕೂಡ ಪಚ್ಚೀಸಿಯಿಂದ ಹುಟ್ಟಿದ್ದೇ, 1896ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಮಾಡಿಸಿಕೊಂಡರು. ನಾನು ಒಂದು ನಿಯಮ ಬದಲಿಸಿದರೆ ಯಾರು ಕೇಳುತ್ತಾರೆ?

ಬದಲಿಸಿದ್ದು ಇಷ್ಟೇ: ಸರದಿ ಇಲ್ಲ. ನಾಲ್ವರೂ ಒಂದೊಂದು ಬಿಲ್ಲೆಯನ್ನು ಅಂಗೈ ಕೆಳಗೆ ಮುಚ್ಚಿಟ್ಟು ಒಟ್ಟಿಗೆ ತೆರೆಯಬೇಕು. ಇಬ್ಬರದು ಒಂದೇ ಸಂಖ್ಯೆಯಾದರೆ ಆ ಇಬ್ಬರ ಬಿಲ್ಲೆಯೂ ದಂಡ, ಕಾಯಿ ನಡೆಯುವುದಿಲ್ಲ. ಉಳಿದವರಲ್ಲಿ ಚಿಕ್ಕ ಸಂಖ್ಯೆಯವರು ಮೊದಲು ನಡೆಸಬೇಕು. ಎಂಟು ಇಟ್ಟವರ ಸರದಿ ಬರುವ ಹೊತ್ತಿಗೆ ಅವರ ಕಾಯಿಯನ್ನು ಒಂದು ಇಟ್ಟವರು ಹೊಡೆದಿರಬಹುದು. ಎದುರಿನವರ ಕೈಯಲ್ಲಿ ಯಾವ ಬಿಲ್ಲೆ ಉಳಿದಿದೆ ಎಂದು ನೆನಪಿಡುವವರಿಗೆ ಅನುಕೂಲ. ಆದರೆ ನನ್ನ ತಮ್ಮ ಏನನ್ನೂ ನೆನಪಿಡುವುದಿಲ್ಲ, ಯೋಚನೆಯನ್ನೂ ಮಾಡುವುದಿಲ್ಲ, ಆದ್ದರಿಂದ ಅವನ ಬಿಲ್ಲೆ ಊಹಿಸುವುದೇ ಕಷ್ಟ. ಅವನು ಮತ್ತೆ ಗೆಲ್ಲತೊಡಗಿದ.

ದಾದಿಗೆ ಕಣ್ಣಿನ ಪೊರೆ, ಅಂಕಿ ಕಾಣುವುದಿಲ್ಲ. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಹುಣಸೆ ಬೀಜ ಅಂಟಿಸಿ ಬಿಲ್ಲೆ ಮಾಡಿದೆ. ಬೆರಳಲ್ಲಿ ಮುಟ್ಟಿ ಎಣಿಸುತ್ತಾರೆ. ಎಂಟು ಬೀಜದ ಬಿಲ್ಲೆ ಎಲ್ಲಕ್ಕಿಂತ ದಪ್ಪ, ಅಂಗೈ ಮೇಲೆದ್ದಿರುವುದು ಗೊತ್ತಾಗಿಬಿಡುತ್ತದೆ. ಅದನ್ನು ಇನ್ನೂ ಸರಿಮಾಡಬೇಕು. ಇಬ್ಬರೇ ಆಡಿದರೆ ಸೊಗಸಿಲ್ಲ, ಅದಕ್ಕೂ ದಾರಿ ಸಿಕ್ಕಿಲ್ಲ. ಯಾರಿಗಾದರೂ ಉಪಾಯ ಹೊಳೆದರೆ ಊಟದ ಬಿಡುವಿನಲ್ಲಿ ಬಂದು ಹೇಳಿ.

ಬಡೇ ಅಬ್ಬಾ ಒಂದು ವಾರ ದೂರದಿಂದ ನೋಡಿದರು. ಆಮೇಲೆ ಆಂಟಿ ಬರದ ದಿನ ನಾಲ್ಕನೆಯವರಾಗಿ ಕೂತರು. ಮೊದಲ ಬಿಲ್ಲೆಗೇ ತಾಯಿ ಮಗ ಇಬ್ಬರದೂ ಎಂಟು. ದಂಡ. ದಾದಿ ನಕ್ಕದ್ದನ್ನು ನಾನು ತಿಂಗಳಾದ ಮೇಲೆ ಕೇಳಿದೆ.

ಇನ್ನೊಂದು ವಿಷಯ. ಬಡೇ ಅಬ್ಬಾ ಮಾರ್ಕೆಟ್ಟಿಗೆ ಹೊರಟ ಕೂಡಲೇ ದಾದಿ ಬಿಲ್ಲೆ ಎತ್ತಿಟ್ಟು ಪಾನ್‌ದಾನ್ ತೆರೆಯುತ್ತಾರೆ. ಬಡೇ ಅಬ್ಬಾಗೆ ಕನ್ನಡ ಓದಲು ಬರುವುದಿಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇನೆ.