ಇಬ್ಬರು ಸ್ಯಾಮ್‌ಗಳು

ತಂಡ ಸೋಲತೊಡಗಿದರೆ ಮೊದಲು ಬೈಸಿಕೊಳ್ಳುವವರು ಕೋಚ್, ಆಮೇಲೆ ಆಟಗಾರರು. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇವರೆಲ್ಲರ ಹಿಂದೆ ಇನ್ನೊಬ್ಬರಿದ್ದಾರೆ, ಜನರಲ್ ಮ್ಯಾನೇಜರ್. ಅವರು ಚೆಂಡು ಮುಟ್ಟುವುದಿಲ್ಲ. ಆದರೆ ಯಾರನ್ನು ತರಬೇಕು, ಯಾರನ್ನು ಬಿಟ್ಟುಕೊಡಬೇಕು ಎಂಬುದೆಲ್ಲ ಅವರ ಕೈಯಲ್ಲಿ. ಸೋಲುವ ಕಾಲದಲ್ಲಿ ಅವರನ್ನು ನಂಬುವುದು ಹೇಗೆ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಇಬ್ಬರು ಸ್ಯಾಮ್‌ಗಳು ನೆನಪಾಗುತ್ತಾರೆ.

ಸ್ಯಾಮ್ ಹಿಂಕಿ 2013ರಲ್ಲಿ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್‌ಗೆ ಬಂದವರೇ ಆಲ್‌ಸ್ಟಾರ್ ಜ್ರೂ ಹಾಲಿಡೇಯನ್ನು ಬಿಟ್ಟುಕೊಟ್ಟರು. ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ತಳ ಸೇರಿದ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ಪ್ರತಿವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಯಲ್ಲಿ, ಒಳ್ಳೆಯ ಹುಡುಗ ಸಿಗುವ ಅವಕಾಶ ಹೆಚ್ಚು. ಹಿಂಕಿಯವರ ಲೆಕ್ಕ ಅದೇ. 82 ಆಟಗಳಲ್ಲಿ ಮೊದಲ ವರ್ಷ 19 ಗೆಲುವು, ಮರುವರ್ಷ 18, ಅದರಾಚೆ 10. ‘ಟ್ರಸ್ಟ್ ದ ಪ್ರಾಸೆಸ್’ (ಈ ಪ್ರಕ್ರಿಯೆಯನ್ನು ನಂಬಿ) ಎಂದು ಅಭಿಮಾನಿಗಳು ಕೂಗುತ್ತಲೇ ಇದ್ದರು. 2016ರ ಏಪ್ರಿಲ್‌ನಲ್ಲಿ ಹಿಂಕಿ 13 ಪುಟಗಳ ಪತ್ರ ಬರೆದು ರಾಜೀನಾಮೆ ಕೊಟ್ಟರು. ಅವರು ಆರಿಸಿದ ಜೋಯಲ್ ಎಂಬೀಡ್ 2023ರಲ್ಲಿ ಎಂವಿಪಿ, ಅಂದರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ ಆದರು, ನಿಜ. ಚಾಂಪಿಯನ್ ಪಟ್ಟ ಮಾತ್ರ ತಂಡಕ್ಕೆ ದಕ್ಕಲಿಲ್ಲ. ಸೋಲುವ ವರ್ಷಗಳಲ್ಲಿ ಎಳೆಯ ಹುಡುಗರಿಗೆ ದಾರಿ ತೋರುವ ಹಿರಿಯ ಆಟಗಾರರೇ ಅಲ್ಲಿ ವಿರಳ. ಆ ಕೊರತೆ ಸಣ್ಣದಲ್ಲ.

ಸ್ಯಾಮ್ ಪ್ರೆಸ್ಟಿ ಒಕ್ಲಹೋಮ ಸಿಟಿ ಥಂಡರ್‌ನವರು. 2019ರಲ್ಲಿ ಪಾಲ್ ಜಾರ್ಜ್‌ರನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು, ಬದಲಿಗೆ ಒಂದೇ ಸೀಸನ್ ಆಡಿದ್ದ ಶೇ ಗಿಲ್ಜಸ್ ಅಲೆಕ್ಸಾಂಡರ್ ಮತ್ತು ಡ್ರಾಫ್ಟ್ ಹಕ್ಕುಗಳ ಒಂದು ಕಂತೆಯನ್ನೇ ಪಡೆದರು. ಆಮೇಲೆ ಸೋಲುಗಳ ಸರಮಾಲೆ. 2021ರ ಡಿಸೆಂಬರ್ 2ರಂದು ಮೆಂಫಿಸ್‌ನಲ್ಲಿ 152–79. ಎನ್‌ಬಿಎ ಇತಿಹಾಸದಲ್ಲೇ ಅತಿ ದೊಡ್ಡ ಅಂತರದ ಸೋಲು, 73 ಪಾಯಿಂಟ್! ಆ ರಾತ್ರಿ ಪ್ರೆಸ್ಟಿಯನ್ನು ಕಿತ್ತುಹಾಕಿ ಎಂದವರನ್ನು ನಾನು ದೂರಲಾರೆ. ಆದರೆ ಕ್ಲಿಪ್ಪರ್ಸ್ ಕೊಟ್ಟ ಹಕ್ಕುಗಳಲ್ಲೊಂದರಿಂದ 2022ರಲ್ಲಿ 12ನೆಯವನಾಗಿ ಬಂದ ಹುಡುಗ ಜೇಲನ್ ವಿಲಿಯಮ್ಸ್. 2025ರಲ್ಲಿ ಶೇ ಮತ್ತು ವಿಲಿಯಮ್ಸ್ ಇದ್ದ ತಂಡ 68 ಆಟ ಗೆದ್ದು, ಫೈನಲ್‌ನ ಏಳನೇ ಪಂದ್ಯದಲ್ಲಿ ಇಂಡಿಯಾನಾವನ್ನು ಮಣಿಸಿ ಚಾಂಪಿಯನ್ ಆಯಿತು.

ಪ್ರೆಸ್ಟಿಯವರದು ಬರೀ ಅದೃಷ್ಟ ಎನ್ನುವವರು ಹಿಂದಿನದನ್ನು ನೋಡಲಿ. 2007ರಿಂದ ಸಾಲಾಗಿ ಮೂರು ಡ್ರಾಫ್ಟ್‌ಗಳಲ್ಲಿ ಅವರು ಆರಿಸಿದ್ದು ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್. ಮೂವರೂ ಮುಂದೆ ಎಂವಿಪಿಗಳಾದರು. ಹಾರ್ಡನ್‌ರನ್ನು 2012ರಲ್ಲಿ ಬಿಟ್ಟುಕೊಟ್ಟದ್ದು ಇಂದಿಗೂ ಅಭಿಮಾನಿಗಳಿಗೆ ನೋವೇ. ಆದರೂ ಒಡೆಯರು ಕಾದರು. ಹಿಂಕಿಗೆ ಆ ಕಾಲಾವಕಾಶ ಸಿಗಲಿಲ್ಲ.

ತಾಳಿದವನು ಬಾಳಿಯಾನು ಎನ್ನುತ್ತಾರೆ. ಹಾಗೆಂದು ಕಣ್ಣುಮುಚ್ಚಿ ತಾಳಬೇಕಿಲ್ಲ. ಕೊಟ್ಟದ್ದಕ್ಕೆ ಬದಲಾಗಿ ಏನು ಬಂತು, ಸೋಲುತ್ತಿರುವ ಹುಡುಗರು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದಾರೆಯೇ, ಇವೆರಡನ್ನು ನೋಡಿ. ಎರಡೂ ಸರಿಯಿದ್ದರೆ ಸ್ಕೋರ್‌ಬೋರ್ಡ್ ಏನೇ ಹೇಳಲಿ, ಆ ಮ್ಯಾನೇಜರ್‌ಗೆ ಸಮಯ ಕೊಡಿ. ಎರಡೂ ಇಲ್ಲದಿದ್ದರೆ ಎಂಥ ಘೋಷಣೆಗೂ ಮರುಳಾಗಬೇಡಿ.